ಬೈಗುಳ ಎಣಿಸುವ ವಿದ್ಯೆ

"ಬೈಗಳಾ ಎಣಸಾಕೂ ಡಾಕ್ಟರೇಟ್ ಕೊಡ್ತಾರೇನ್ರಿ ಬಾಯಾರ?" ಎಂದು ನಮ್ಮ ಶಾಲೆಯ ಗಣಿತದ ಮಾಸ್ತರರು ಸ್ಟಾಫ್ ರೂಮಿನಲ್ಲಿ ನಕ್ಕರು. ಇನ್ನಿಬ್ಬರು ಅವರ ಜೊತೆಗೆ ನಕ್ಕರು. ಹಾಗೆ ಕೊಡುವುದಾದರೆ ಚಿಕ್ಕೋಡಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವವರಿಗೆಲ್ಲ ಎರಡೆರಡು ಕೊಡಬೇಕಾಗುತ್ತದೆ ಎಂದು ಒಬ್ಬರು ಸೇರಿಸಿದರು. ನಾನೂ ನಕ್ಕಿರಬೇಕು. ಹೇಳಿ ಕೇಳಿ ಸ್ಟಾಫ್ ರೂಮು. ಅಲ್ಲಿ ನಗದೆ ಕೂತವರನ್ನು ಸೊಕ್ಕಿನವರು ಅನ್ನುತ್ತಾರೆ. ಆದರೆ ಆ ನಗೆಗೆ ಉತ್ತರ ಕೊಡಬೇಕೆಂದು ಅಂದೇ ಅನ್ನಿಸಿತ್ತು. ಉತ್ತರ ಅವರಿಗಷ್ಟೇ ಅಲ್ಲ, ಆ ಡಾಕ್ಟರೇಟ್ ಕೊಡುವವರಿಗೂ ಇದೆ.

ವಿಷಯ ಇಷ್ಟು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಗಣಕ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹೆಸರು ಬೇಡ. ಅವಳ ತಾಯಿ ನಿಪ್ಪಾಣಿ ಕಡೆ ಬೀಡಿ ಕಟ್ಟಿ ಮಗಳನ್ನು ಓದಿಸಿದಾಕೆ. ಮೊಬೈಲಿನಲ್ಲಿ, ಯೂಟ್ಯೂಬಿನಲ್ಲಿ, ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುವ ಹೊಲಸು ಮಾತು, ಬೆದರಿಕೆ, ಸುಳ್ಳು ಇವನ್ನು ಯಂತ್ರವೇ ಗುರುತಿಸಿ ತಡೆಯುವ ಬಗೆ ಹೇಗೆ ಎಂಬುದು ಅವಳ ಸಂಶೋಧನೆ. ದೀಪಾವಳಿಗೆ ಊರಿಗೆ ಬಂದವಳು ನನ್ನ ಮನೆಗೂ ಬಂದು, ಫರಾಳದ ತಾಟು ಪಕ್ಕಕ್ಕೆ ಸರಿಸಿ, ಒಂದು ಹಾಳೆಯ ಕಟ್ಟು ಮುಂದಿಟ್ಟಳು.

"ಇನ್ನೂರ ವಾಕ್ಯ ಅದಾವ್ರಿ ಬಾಯಾರ. ಯಾವ್ದು ಕೆಟ್ಟದ್ದು, ಯಾವ್ದು ಅಲ್ಲ, ಗುರುತ ಹಾಕಿ ಕೊಡ್ರಿ. ಯಂತ್ರಕ್ಕ ಕಲಿಸೂದು ಹಿಂಗs."

ನಾನು ಬರೀ ಬಿ.ಎ., ಬಿ.ಇಡಿ. ಗಣಕಯಂತ್ರದ ಒಳಗೆ ಏನಿದೆ ಎಂಬುದು ನನಗೆ ಗೊತ್ತಿಲ್ಲ. ಅವಳು ತಿಳಿಯ ಹೇಳಿದ್ದು ಹೀಗೆ: ಸಾವಿರಾರು ವಾಕ್ಯಗಳಿಗೆ ಮನುಷ್ಯರು ಗುರುತು ಹಚ್ಚಿ ಕೊಡಬೇಕು. ಯಾವ ಮಾತು ಯಾವ ಮಾತಿನ ಪಕ್ಕ ಕೂತಾಗ ಯಾವ ಗುರುತು ಬಿದ್ದಿದೆ ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಆಮೇಲೆ ಹೊಸ ವಾಕ್ಯ ಬಂದರೆ ಅದೇ ಲೆಕ್ಕದ ಮೇಲೆ ಊಹೆ ಮಾಡುತ್ತದೆ. ಒಂದು ವಾಕ್ಯವನ್ನು ಮೂವರಿಗೆ ಕೊಡುತ್ತಾರೆ. ಮೂವರಲ್ಲಿ ಇಬ್ಬರು ಹೌದೆಂದರೆ ಹೌದು. ಒಟ್ಟಿನಲ್ಲಿ, ನಾವು ಮಕ್ಕಳಿಗೆ ಸಂಧಿ-ಸಮಾಸ ಕಲಿಸಿದಂತೆಯೇ. ಉದಾಹರಣೆ ತಪ್ಪು ಕೊಟ್ಟರೆ ಹುಡುಗರು ಜೀವನಪೂರ್ತಿ ತಪ್ಪು ಬರೆಯುತ್ತಾರೆ.

ಕನ್ನಡದಲ್ಲಿ ಈ ಕೆಲಸ ಮೊದಲು ಆದದ್ದು ಹೇಗೆಂದು ಕೇಳಿದೆ. 2020ರಲ್ಲಿ ಯೂಟ್ಯೂಬಿನ ಕೆಳಗೆ ಜನ ಬರೆದ ಏಳೂವರೆ ಸಾವಿರಕ್ಕೂ ಮಿಕ್ಕಿದ ಮಾತುಗಳನ್ನು ಕೂಡಿಸಿ, ಗುರುತು ಹಚ್ಚಿ, ಒಂದು ಸಂಗ್ರಹ ಮಾಡಿದರಂತೆ. ಮಾಡಿದವರು ಐರ್ಲೆಂಡಿನ ಗಾಲ್ವೆಯಲ್ಲಿ, ತಮಿಳುನಾಡಿನ ತಿರುಚಿರಾಪಳ್ಳಿ, ಮದುರೆಗಳಲ್ಲಿ ಇದ್ದವರು. ಅವರಿಗೆ ನನ್ನ ನಮಸ್ಕಾರ. ನಾವು ಮಾಡದ್ದನ್ನು ಅವರು ಮಾಡಿದರು. 1894ರಲ್ಲಿ ಕಿಟೆಲ್ ಸಾಹೇಬರು ನಿಘಂಟು ಕೊಟ್ಟರು. ಈಗ ಬೈಗುಳದ ಲೆಕ್ಕಕ್ಕೂ ಹೊರಗಿನವರೇ ಬರಬೇಕಾಯಿತು. ಕನ್ನಡ ಎಂ.ಎ. ಮಾಡಿದವರು ನಮ್ಮಲ್ಲಿ ಓಣಿಗೊಬ್ಬರಿದ್ದಾರೆ.

ಆ ಸಂಗ್ರಹದಲ್ಲಿ ಆರು ಡಬ್ಬಿಗಳು. ನಿರುಪದ್ರವಿ ಮಾತು ಒಂದು. ಯಾರನ್ನೂ ಗುರಿ ಮಾಡದ ಬೈಗುಳ ಒಂದು. ಒಬ್ಬ ವ್ಯಕ್ತಿಗೆ ಬೈದದ್ದು, ಒಂದು ಗುಂಪಿಗೆ ಬೈದದ್ದು, ಇತರೆ, ಹೀಗೆ ಮೂರು. ಆರನೆಯದರ ಹೆಸರು 'ಕನ್ನಡವಲ್ಲ'. ಈ ಆರನೆಯ ಡಬ್ಬಿಗೆ ಬಿದ್ದ ವಾಕ್ಯಗಳು ಬೈಗುಳದ ಯಾವ ಒಂದು ಡಬ್ಬಿಗಿಂತಲೂ ಹೆಚ್ಚು. ಇದನ್ನು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನರಿಗೆ 'ನಿಮ್ಮದು ಕನ್ನಡವಲ್ಲ' ಎಂದು ಬೆಂಗಳೂರು-ಮೈಸೂರಿನವರು ಹೇಳುವುದು ಹೊಸದೇನಲ್ಲ. ಬಿ.ಇಡಿ. ಮಾಡುವಾಗ ನನ್ನ ಜೊತೆಯವರು ನನ್ನ ಮಾತು ಕೇಳಿ 'ನಿಮ್ಮ ಮನೆಮಾತು ಮರಾಠಿಯೇ?' ಎಂದಿದ್ದರು. ಈಗ ಅದೇ ಮಾತನ್ನು ಯಂತ್ರವೂ ಕಲಿಯಿತು!

ನಗೆಯ ಮಾತಲ್ಲ. ಅವಳು ಕೊಟ್ಟ ಇನ್ನೂರರಲ್ಲಿ ಒಂದು ವಾಕ್ಯ ಹೀಗಿತ್ತು: "ಕಾ ರೇ ಭಾವಾ, ಲೈ ಮಸ್ತ ಐತಿ ನೋಡ." ಇದು ನಮ್ಮ ಬಸ್ ಸ್ಟ್ಯಾಂಡಿನ ಅಚ್ಚ ಕನ್ನಡ. ಇನ್ನೊಂದು: "ತುಲಾ ಬಘತೋ, ಊರಾಗ ಹೆಂಗ ತಿರಗತಿ ನೋಡತೀನಿ." ಮೊದಲನೆಯದು ಮೆಚ್ಚುಗೆ, ಎರಡನೆಯದು ಬೆದರಿಕೆ, ಮೈ ನಡುಗಿಸುವಂಥ ಬೆದರಿಕೆ. ಎರಡೂ ಇಂಗ್ಲಿಷ್ ಅಕ್ಷರದಲ್ಲಿದ್ದವು. ನನಗಿಂತ ಮೊದಲು ನೋಡಿದವರೊಬ್ಬರು ಎರಡನ್ನೂ 'ಕನ್ನಡವಲ್ಲ' ಎಂದು ಒಂದೇ ಡಬ್ಬಿಗೆ ಹಾಕಿದ್ದರು. ಆ ಡಬ್ಬಿಗೆ ಬಿದ್ದದ್ದನ್ನು ಆಮೇಲೆ ಯಾರೂ ತೆಗೆದು ನೋಡುವುದಿಲ್ಲ. ನಮ್ಮ ಗಡಿಯ ಹುಡುಗಿಗೆ ಗಡಿಯ ಮಾತಿನಲ್ಲಿ ಯಾರಾದರೂ ಹೆದರಿಸಿದರೆ, ಅವಳನ್ನು ಕಾಯಬೇಕಾದ ಯಂತ್ರ 'ಇದು ನನ್ನ ಭಾಷೆಯಲ್ಲ' ಎಂದು ಮುಖ ತಿರುವುತ್ತದೆ.

ಇನ್ನು ಬೈಗುಳದ ವಿಚಾರ. ನನ್ನ ಅಜ್ಜಿ ಇದ್ದಾಗ ಮೊಮ್ಮಕ್ಕಳು ರಜೆಗೆ ಹೋದರೆ ಬಾಗಿಲಲ್ಲೇ ನಿಂತು, "ಹಾಟ್ಯಾ, ಎಲ್ಲಿ ಸತ್ತಿದ್ದಿ ಇಷ್ಟ ದಿನಾ? ಬಾ, ಹೋಳಗಿ ಮಾಡೀನಿ, ತಿಂದ ಸಾಯಿ" ಅನ್ನುತ್ತಿದ್ದಳು. ಈ ವಾಕ್ಯವನ್ನು ನಾನೇ ಬರೆದು ಆ ಹುಡುಗಿಗೆ ಕೊಟ್ಟೆ. ಅವಳು ತನ್ನ ಗಣಕದಲ್ಲಿ ಹಾಕಿ ನೋಡಿ ನಕ್ಕಳು. ವ್ಯಕ್ತಿಯ ಮೇಲಿನ ಬೈಗುಳವಂತೆ. ಅಜ್ಜಿ ಬದುಕಿದ್ದು ಮೊಬೈಲು ಹಿಡಿದಿದ್ದರೆ ಅವಳ ಖಾತೆ ಬಂದಾಗುತ್ತಿತ್ತು. ಸಾಯಿ ಎಂಬ ಮಾತನ್ನು ಹೋಳಿಗೆಯ ಜೊತೆ ಬಡಿಸುವ ಜನ ನಾವು ಎಂದು ಯಂತ್ರಕ್ಕೆ ಯಾರು ಹೇಳಬೇಕು?

ಆದರೂ ಬೈಗುಳ ಎಣಿಸುವುದು ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ಮಾಸ್ತರರ ನಗೆಗೆ ನನ್ನ ಸಿಟ್ಟು ಅದಕ್ಕೇ. ನಮ್ಮ ಶಾಲೆಯಲ್ಲಿ ಚೆನ್ನಾಗಿ ಹಾಡುತ್ತಿದ್ದ ಹುಡುಗಿಯೊಬ್ಬಳು ಕಾಲೇಜಿಗೆ ಹೋದ ಮೇಲೆ ಒಂದು ಜನಪದ ಹಾಡು ಹಾಡಿ ಮೊಬೈಲಿನಲ್ಲಿ ಹಾಕಿದಳು. ಅದರ ಕೆಳಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬರೆದವರಲ್ಲಿ ಅವಳ ಊರಿನ ಹುಡುಗರೂ ಇದ್ದರು. ಮನೆಯವರು ಏನು ಮಾಡಿದರು? ಅವಳ ಮೊಬೈಲು ಕಸಿದುಕೊಂಡರು, ಹಾಡು ಬಿಡಿಸಿದರು, ಕಡೆಗೆ ಕಾಲೇಜನ್ನೂ ಬಿಡಿಸಿದರು. ಬರೆದವರು ಮಾತ್ರ ದಿನಾಲು ಕಾಲೇಜಿಗೆ ಹೋಗುತ್ತಿದ್ದರು. ಆ ಮಾತುಗಳು ಅವಳ ಕಣ್ಣಿಗೆ ಬೀಳುವ ಮೊದಲೇ ಯಾವುದಾದರೂ ಯಂತ್ರ ತಡೆದಿದ್ದರೆ ನಾನು ಅದಕ್ಕೆ ಆಯುಧ ಪೂಜೆಯ ದಿನ ಕುಂಕುಮ ಹಚ್ಚುತ್ತಿದ್ದೆ. ಇದಕ್ಕೆ ಡಾಕ್ಟರೇಟು ಯಾಕೆ ಕೊಡಬಾರದು? ಕವಿಯೊಬ್ಬರ ಆರು ಸಂಕಲನ ಓದಿ 'ಒಂದು ಅಧ್ಯಯನ' ಎಂದು ಬರೆದವರಿಗೆ ಕೊಡುತ್ತೀರಲ್ಲ!

ನನ್ನ ಜಗಳ ಬೇರೆ. ಈ ಸಂಶೋಧನೆಯೆಲ್ಲ ಕೆಟ್ಟ ಮಾತು ಎಂದರೆ ಹೊಲಸು ಮಾತು ಎಂದು ಹಿಡಿದು ಹೊರಟಿದೆ. ಅದು ಹಾಗಲ್ಲ ಎಂಬುದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ನಾನೇ ಮಾಡಿದ ಕೆಲಸದಿಂದ ತಿಳಿದದ್ದು.

2018ರ ಜೂನ್ ತಿಂಗಳು. ಶಾಲೆ ಆರಂಭವಾಗಿ ಹೆಚ್ಚು ದಿನ ಆಗಿರಲಿಲ್ಲ. ಮಕ್ಕಳ ಕಳ್ಳರ ಸುದ್ದಿ ಎಲ್ಲೆಲ್ಲೂ ಎದ್ದಿತ್ತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕನನ್ನು ಕೈಕಾಲು ಕಟ್ಟಿ ಹೊಡೆದು ಕೊಂದಿದ್ದರು. ಒಂದು ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇತ್ತು: ಬೈಕಿನ ಮೇಲೆ ಬಂದ ಇಬ್ಬರು ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಬಗ್ಗೆ ಎಚ್ಚರಿಕೆ ಇರಲಿ ಎಂದು ಒಂದು ಸಂಸ್ಥೆ ಮಾಡಿದ ಜಾಹೀರಾತು, ಕೊನೆಯಲ್ಲಿ ಅವರೇ ಮಗುವನ್ನು ತಂದು ಬಿಟ್ಟು ಫಲಕ ತೋರಿಸುತ್ತಾರೆ, ಆ ಕೊನೆಯನ್ನು ಯಾರೋ ಕತ್ತರಿಸಿದ್ದಾರೆ, ಎಂಬುದು ಆಮೇಲೆ ಗೊತ್ತಾಯಿತು. ಗಮನಿಸಿ, ಅದರಲ್ಲಿ ಒಂದೇ ಒಂದು ಕೆಟ್ಟ ಶಬ್ದವಿಲ್ಲ. ಕತ್ತರಿಯೇ ಅದರ ಬೈಗುಳ.

ಅದೇ ಹೊತ್ತಿಗೆ ನನಗೊಂದು ಸಂದೇಶ ಬಂತು. "ಎಲ್ಲ ತಾಯಂದಿರ ಗಮನಕ್ಕೆ. ಮಕ್ಕಳನ್ನು ಅಪಹರೀಸುವ ತಂಡ ನಮ್ಮ ಭಾಗಕ್ಕೆ ಬಂದಿದೆ. ಅಪರಿಚಿತರು ಮಕ್ಕಳ ಹೆಸರು ವಿಚಾರಿಸಿದರೆ ಕೂಡಲೇ ಅಕ್ಕಪಕ್ಕದವರನ್ನು ಕರೆಯಿರಿ. ಧಯವಿಟ್ಟು ಎಲ್ಲರಿಗೂ ತಿಳಿಸಿ." ನಾನು ಕನ್ನಡ ಕಲಿಸುವವಳು. 'ಅಪಹರೀಸುವ' ಎಂಬುದನ್ನೂ 'ಧಯವಿಟ್ಟು' ಎಂಬುದನ್ನೂ ತಿದ್ದಿದೆ. ತಿದ್ದಿ, ಕೆಳಗೆ ನನ್ನ ಹೆಸರು ಹಾಕಿ, ಪಾಲಕರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕಳಿಸಿ, ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಸಮಾಧಾನದಿಂದ ಮಲಗಿದೆ.

ಮರುದಿನ ಮಧ್ಯಾಹ್ನ ಶಾಲೆಯ ಹಿಂದಿನ ಓಣಿಯಲ್ಲಿ ಗದ್ದಲ ಕೇಳಿತು. ಹೆಳವ ಬಂದಿದ್ದ. ನಮ್ಮ ಕಡೆಯವರಿಗೆ ಹೆಳವರ ಬಗ್ಗೆ ಹೇಳಬೇಕಾಗಿಲ್ಲ, ದಕ್ಷಿಣದವರಿಗಾಗಿ ಹೇಳುತ್ತೇನೆ. ಮನೆತನದ ಏಳು ತಲೆಮಾರಿನ ಹೆಸರು ಬಾಯಿಪಾಠ ಹೇಳಿ ಕಾಳುಕಡಿ ಪಡೆಯುವವರು ಅವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಬಂದಾಗಲೆಲ್ಲ ಮನೆಯಲ್ಲಿ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಕೇಳಿ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಮಳೆ ಹಿಡಿಯುವ ಮುಂಚಿನ ಕೊನೆಯ ಸುತ್ತಿಗೆ ಬಂದ ಆ ಮನುಷ್ಯ ಒಂದು ಮನೆಯ ಸೊಸೆಯನ್ನು, "ಸಣ್ಣ ಕೂಸಿನ ಹೆಸರೇನವಾ?" ಎಂದು ಕೇಳಿದ್ದಾನೆ. ಆ ಸೊಸೆ ನನ್ನ ಗುಂಪಿನಲ್ಲಿದ್ದ ಪಾಲಕಿ. ನನ್ನ ಸಂದೇಶದಲ್ಲಿ ಹೇಳಿದ್ದನ್ನೇ ಮಾಡಿದಳು: ಅಕ್ಕಪಕ್ಕದವರನ್ನು ಕರೆದಳು.

ನಾವು ಹೋಗುವಷ್ಟರಲ್ಲಿ ಅವನ ಕೈ ಮುರಿದಿತ್ತು. ಹುಡುಗರು ಹೊಡೆಯುತ್ತಲೇ ಇದ್ದರು. ಅವನು ಕೂಗಿಕೊಳ್ಳಲಿಲ್ಲ. ಹೊಡೆಯುತ್ತಿದ್ದವರಲ್ಲಿ ಒಬ್ಬನ ಮುಖ ನೋಡುತ್ತ ಅವನ ಮುತ್ತ್ಯಾನ ಹೆಸರು, ಮುತ್ತ್ಯಾನ ಅಪ್ಪನ ಹೆಸರು, ಅವರು ಎಲ್ಲಿಂದ ಬಂದು ಈ ಊರಲ್ಲಿ ನೆಲೆ ನಿಂತರು ಎಂಬುದನ್ನೆಲ್ಲ ಒಂದೇ ಸಮ ಹೇಳುತ್ತಿದ್ದ. ಒಬ್ಬ ಮುದುಕರು ಹೊರಗೆ ಬಂದು, "ಏ, ಇಂವಾ ನಮ್ಮ ಹೆಳವ ಅದಾನ್ರಲೇ!" ಎಂದು ಅಡ್ಡ ಬಿದ್ದ ಮೇಲೆ ಬಿಟ್ಟರು. ಪೊಲೀಸರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಗುಂಪಿನಲ್ಲಿ ಆ ಸಂದೇಶವನ್ನು ಅಳಿಸಲೂ ಇಲ್ಲ, ತಪ್ಪಾಯಿತು ಎಂದು ಬರೆಯಲೂ ಇಲ್ಲ. ಆ ಓಣಿಗೆ ಹೆಳವ ಮತ್ತೆ ಬಂದಿಲ್ಲ. ಆಮೇಲೆ ಹುಟ್ಟಿದ ಮಕ್ಕಳ ಹೆಸರು ಯಾರ ಲೆಕ್ಕದಲ್ಲೂ ಇಲ್ಲ.

ಅವನು ಬದುಕಿದ. ಬದುಕದವರೂ ಇದ್ದಾರೆ. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಭಿಕ್ಷೆಗೆ ಹೋದ ಅಲೆಮಾರಿ ಗೋಸಾವಿ ಜನಾಂಗದ ಐದು ಮಂದಿಯನ್ನು ಪಂಚಾಯತಿ ಕೋಣೆಯಲ್ಲಿ ಕೂಡಿ ಹಾಕಿ ಕೊಂದರು. ಅವರಲ್ಲಿ ಹೆಚ್ಚಿನವರು ಮಂಗಳವೇಢೆ ಕಡೆಯವರು, ಬಸವಣ್ಣನವರು ಕರಣಿಕರಾಗಿದ್ದ ಊರಿನ ಕಡೆಯವರು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಕೊಂದರು. ಅವನ ಜೊತೆಯವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಕಾರಿಗಿಂತ ಮೊದಲು ಸಂದೇಶ ಮುಂದಿನ ಊರು ಮುಟ್ಟಿತ್ತು.

ಇದಾದ ಮೇಲೆ ಅದೇ ಜುಲೈನಲ್ಲಿ ವಾಟ್ಸಾಪ್ ಕಂಪನಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಮುಂದೆ ಕಳಿಸಬಹುದು ಎಂದು ಕಟ್ಟು ಮಾಡಿತು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಲ್ಲಿ ರೈಲು ಹತ್ತಿದಾಗಲೂ ಸರ್ಕಾರ ಒಮ್ಮೆಗೆ ಐದೇ ಎಸ್ಸೆಮ್ಮೆಸ್ಸು ಎಂದಿತ್ತು. ಐದರ ಮೇಲೆ ಇವರಿಗೆ ಯಾಕಿಷ್ಟು ನಂಬಿಕೆಯೋ! ಜೊತೆಗೆ, ಮುಂದೆ ಕಳಿಸಿದ ಸಂದೇಶದ ನೆತ್ತಿಯ ಮೇಲೆ ಅದಕ್ಕೊಂದು ಗುರುತನ್ನೂ ತಂದರು. ಒಳ್ಳೆಯದೇ. ಆದರೆ ನನ್ನ ಸಂದೇಶಕ್ಕೆ ಆ ಗುರುತು ಹತ್ತುತ್ತಿರಲಿಲ್ಲ. ನಾನು ಕಾಗುಣಿತ ತಿದ್ದಿ ಹೊಸದಾಗಿ ಬರೆದು ಕಳಿಸಿದ್ದೆನಲ್ಲ. ಒಂದೇ ಗುಂಪಿಗೆ ಕಳಿಸಿದ್ದು, ಐದಕ್ಕೂ ಅಲ್ಲ.

ಈಗ ಹೇಳಿ, ಬೈಗುಳ ಹುಡುಕುವ ಯಂತ್ರ ನನ್ನನ್ನು ಹಿಡಿಯುತ್ತಿತ್ತೇ? 'ದಯವಿಟ್ಟು' ಇದೆ, 'ತಾಯಂದಿರು' ಇದೆ, ಗ್ರಾಂಥಿಕ ಕನ್ನಡವಿದೆ, ಕೆಳಗೆ ಒಬ್ಬ ಶಿಕ್ಷಕಿಯ ಹೆಸರಿದೆ. ಹೋಳಿಗೆ ಮಾಡಿ ಕರೆದ ನನ್ನ ಅಜ್ಜಿ ಅಪರಾಧಿ, ನಾನು ನಿರಪರಾಧಿ.

ನಾವು ಕಾವ್ಯಮೀಮಾಂಸೆ ಓದಿದವರು. ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು. ಒಂಬತ್ತನೆಯ ಶತಮಾನದ ಆನಂದವರ್ಧನ ಹೇಳಿದ್ದೇನು? ಮಾತಿನ ಮುಖ್ಯ ಅರ್ಥ ಮಾತಿನಲ್ಲಿ ಇರುವುದಿಲ್ಲ, ಅದು ಹೊಳೆಯಿಸುವುದರಲ್ಲಿ ಇರುತ್ತದೆ. 'ಅಪರಿಚಿತರು ಹೆಸರು ಕೇಳಿದರೆ ಕರೆಯಿರಿ' ಎಂಬ ಮಾತಿನ ಅಭಿಧೆ ಎಚ್ಚರಿಕೆ, ವ್ಯಂಜನೆ 'ಹೊಡೆಯಿರಿ'. ಇದನ್ನು ಯಂತ್ರಕ್ಕೆ ಕಲಿಸುವುದು ಗಣಕ ವಿಜ್ಞಾನದವರ ಒಬ್ಬರ ಕೆಲಸವೇ? 'ಕವಿರಾಜಮಾರ್ಗ'ದ ಕಾಲದಿಂದಲೂ ಕನ್ನಡ ಒಂದಲ್ಲ ಹಲವು ಎಂದು ಪಾಠ ಮಾಡುವ ನಮ್ಮ ಕನ್ನಡ ವಿಭಾಗಗಳು ಏನು ಮಾಡುತ್ತಿವೆ? ವರ್ಷಕ್ಕೆ ಎಷ್ಟು ಮಹಾಪ್ರಬಂಧಗಳು ರಟ್ಟು ಕಟ್ಟಿಸಿಕೊಂಡು ಕಪಾಟು ಸೇರುತ್ತವೆ! ಅದರಲ್ಲಿ ಒಂದಾದರೂ ನಮ್ಮ ಊರಿನ ಮೊಬೈಲಿನಲ್ಲಿ ಓಡಾಡುವ ಗದ್ಯವನ್ನು ಕುರಿತು ಇರಬಾರದೇ? ಇಂದು ಕನ್ನಡದಲ್ಲಿ ಅತಿ ಹೆಚ್ಚು ಜನ ಓದುವ ಗದ್ಯ ಅದು. ಕಾದಂಬರಿಕಾರರು ಸಿಟ್ಟಾಗಬಾರದು.

ಗಣಕದವರಿಗೂ ಒಂದು ಮಾತಿದೆ. ಯೂಟ್ಯೂಬಿನ ಕೆಳಗಿನ ಮಾತುಗಳನ್ನೇ ಯಾಕೆ ಕೂಡಿಸುತ್ತೀರಿ ಎಂದು ಕೇಳಿದರೆ, ಅವು ಬಯಲಿಗಿವೆ, ಸುಲಭವಾಗಿ ಸಿಗುತ್ತವೆ ಅನ್ನುತ್ತಾರೆ. ವಾಟ್ಸಾಪಿನ ಮಾತು 2016ರಿಂದ ಕಳಿಸಿದವರಿಗೂ ಪಡೆದವರಿಗೂ ಬಿಟ್ಟು ಮೂರನೆಯವರಿಗೆ ಕಾಣದಂತೆ ಬೀಗ ಹಾಕಿದೆ. ಆ ಬೀಗ ಒಡೆಯಿರಿ ಎಂದು ನಾನು ಹೇಳುವುದಿಲ್ಲ. ನಮ್ಮ ಸ್ಟಾಫ್ ರೂಮಿನ ಮಾತು ಸರ್ಕಾರ ಓದುವುದು ನನಗೆ ಬೇಡ. ಆದರೆ ಕೇಳಿದರೆ ಜನ ಕೊಡುತ್ತಾರೆ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಅನುಮಾನ ಬಂದ ಸಂದೇಶವನ್ನು ಜನರೇ ಕಳಿಸಲಿ ಎಂದು 'ಚೆಕ್‌ಪಾಯಿಂಟ್' ಎಂಬ ಹೆಸರಿನಲ್ಲಿ ಒಂದು ವಾಟ್ಸಾಪ್ ನಂಬರು ತೆರೆದಿದ್ದರು. ಇಂಗ್ಲಿಷ್, ಹಿಂದಿ, ತೆಲುಗು, ಬಂಗಾಳಿ, ಮಲಯಾಳಂ ನಡೆಯುತ್ತದೆ ಎಂದರು. ಕನ್ನಡ ಇರಲಿಲ್ಲ. ನಾವ್ಯಾರೂ ಕೇಳಲೂ ಇಲ್ಲ. ಅಂಗಡಿಯ ಫಲಕಕ್ಕೆ ಕನ್ನಡ ಬೇಕೆಂದು ಬೀದಿಗಿಳಿಯುವವರಿಗೆ ಇದು ಕಾಣಲಿಲ್ಲವೇ?

ಬರಹದ್ದೇ ಹೀಗಾದರೆ ಧ್ವನಿಯ ಗತಿಯೇನು? ನಮ್ಮ ಕಡೆ ಹಿರಿಯರು ಓದುವುದಿಲ್ಲ, ಕೇಳುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿ ಊರು ಮುಳುಗಿದಾಗ, ನನ್ನ ಅಕ್ಕನ ಊರಲ್ಲಿ ಕೊಯ್ನಾ ಡ್ಯಾಮು ಒಡೆದಿದೆ ಎಂಬ ದನಿಯ ಸಂದೇಶ ಬಂದು, ರಾತ್ರಿ ಎರಡಕ್ಕೆ ಎಮ್ಮೆ ಬಿಚ್ಚಿಕೊಂಡು ಗುಡ್ಡ ಹತ್ತಿದ್ದರು. ಡ್ಯಾಮು ಒಡೆದಿರಲಿಲ್ಲ. ಎರಡು ದಿನ ಬಿಟ್ಟು ತಲಾಟಿ ಬಂದು ನಿಜವಾಗಿ ನೀರು ಏರುತ್ತಿದೆ, ಏಳಿರಿ ಎಂದರೆ, "ಮೊನ್ನೆನೂ ಹಿಂಗs ಅಂದ್ರು" ಎಂದು ಅರ್ಧ ಜನ ಏಳಲಿಲ್ಲ. ಅಕ್ಕನ ಎರಡು ಎಮ್ಮೆ ಹೋದವು.

ಈ ಮಾತನ್ನೆಲ್ಲ ಆ ಹುಡುಗಿಗೆ ಹೇಳಿದೆ. ಹೆಳವನ ಕಥೆಯನ್ನೂ ಹೇಳಿದೆ. ಮನೆಯವರ ಹೊರತು ಬೇರೆಯವರಿಗೆ ಹೇಳಿದ್ದು ಅದೇ ಮೊದಲು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಸ್ವಲ್ಪ ಬಿರುಸಾಗಿಯೇ ಅಂದಳು: "ಯಂತ್ರಾ ತಪ್ಪ ಮಾಡತೈತಿ ಅಂತ ನನಗೂ ಗೊತ್ತೈತ್ರಿ ಬಾಯಾರ. ಅದಕ್ಕs ನಿಮ್ಮ ಕಡೆ ಬಂದೀನಿ. ಬೆಂಗಳೂರಾಗ ಕುಂತವ್ರಿಗೆ ಕೊಟ್ರ ನಾಕ ದಿನದಾಗ ಮುಗಿತಿತ್ತು." ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಜಗಳವಾಡಬೇಕಾದವರು ಎದುರಿಗೆ ಸಿಗದಿದ್ದಾಗ ಮನೆಗೆ ಬಂದ ಮಗಳ ಮೇಲೆ ಹಾಯುವುದು ನಮ್ಮ ಹಳೆಯ ಚಟ.

ಇನ್ನೂರು ವಾಕ್ಯಕ್ಕೂ ಗುರುತು ಹಾಕಿದೆ. ಮೂರು ವಾರ ಹಿಡಿಯಿತು. ಎಷ್ಟೋ ಕಡೆ ಒಂದೇ ಗುರುತು ಸಾಲದೆ ಅಂಚಿನಲ್ಲಿ ಬರೆದೆ: ಇದನ್ನು ಯಾರು ಯಾರಿಗೆ ಹೇಳಿದ್ದು ತಿಳಿಯದೆ ಹೇಳಲಾಗದು. 'ಕನ್ನಡವಲ್ಲ' ಎಂಬ ಡಬ್ಬಿಯನ್ನು ನಾನು ಒಮ್ಮೆಯೂ ಬಳಸಲಿಲ್ಲ. ಕೊನೆಗೆ, ಇನ್ನೂರ ಒಂದನೆಯ ವಾಕ್ಯವಾಗಿ, 2018ರ ನನ್ನ ಸಂದೇಶವನ್ನು ತಿದ್ದಿದ ರೂಪದಲ್ಲೇ ಬರೆದು, ಹೆಸರು ಮಾತ್ರ ತೆಗೆದು, ಇದನ್ನು ಉಳಿದಿಬ್ಬರಿಗೂ ಕೊಡು ಎಂದು ಕಳಿಸಿದೆ.

ಸಂಕ್ರಾಂತಿ ಮುಗಿದ ಮೇಲೆ ಅವಳ ಫೋನು ಬಂತು. ಕುಸುರೆಳ್ಳು ಮುಟ್ಟಿತೇ ಎಂದು ವಿಚಾರಿಸಿದೆ. ಅವಳ ತಾಯಿಯ ಮೊಣಕಾಲು ನೋವಿನ ಮಾತಾಯಿತು. ಆಮೇಲೆ ನಾನೇ ಕೇಳಿದೆ.

"ಇನ್ನೂರ ಒಂದಕ್ಕ ಏನ ಬಂತವಾ?"

"ಇಬ್ಬರೂ 'ನಿರುಪದ್ರವಿ' ಅಂತ ಹಾಕ್ಯಾರ್ರಿ ಬಾಯಾರ," ಎಂದು ಅವಳು ಸ್ವಲ್ಪ ತಡೆದಳು. "ಒಬ್ಬರು ಪಕ್ಕದಾಗ ಬರದಾರ, 'ಭಾಷೆ ಶುದ್ಧವಾಗಿದೆ' ಅಂತ."